ಆನ್‌ಲೈನ್ ಖರೀದಿಗೆ ಸ್ಥಳೀಯ ಸೆಸ್ ಬೇಕೇ?

ಪರ: ಊರಿನ ಋಣ ತೀರಿಸಲಿ

ಊರಿನ ಅಂಗಡಿಗೂ ಆನ್‌ಲೈನ್ ಕಂಪನಿಗೂ ತೆರಿಗೆ ದರ ಒಂದೇ, ಮತ್ತೆ ಸೆಸ್ ಏಕೆ ಎಂಬ ವಾದ ಕೇಳಿ ಕೇಳಿ ಸಾಕಾಗಿದೆ. ಅಂಗಡಿಯವನು ಕಟ್ಟುವುದು ಜಿಎಸ್‌ಟಿ ಒಂದನ್ನೇ ಏನು? ಉದ್ದಿಮೆ ಪರವಾನಗಿ ಶುಲ್ಕ, ಮಳಿಗೆಯ ಆಸ್ತಿ ತೆರಿಗೆ, ಕಸದ ಸೆಸ್ ಎಲ್ಲವೂ ಅವನ ತಲೆಯ ಮೇಲಿವೆ. ಅದೇ ರಸ್ತೆಯಲ್ಲಿ ದಿನವಿಡೀ ಪಾರ್ಸೆಲ್ ಹಂಚುವ ಕಂಪನಿಯಿಂದ ನಗರಸಭೆಗೆ ಬರುವುದೆಷ್ಟು?

ತಿಪಟೂರಿನಲ್ಲಿ ನಮ್ಮ ಚಿಕ್ಕಪ್ಪನವರ ಪಾತ್ರೆ ಅಂಗಡಿಯಿದೆ. ಕುಕ್ಕರ್ ನೋಡಲು ಬಂದವರು ಮುಚ್ಚಳ ತಿರುಗಿಸಿ, ಗ್ಯಾಸ್ಕೆಟ್ ಎಳೆದು ನೋಡಿ, ಡಬ್ಬದ ಮೇಲಿನ ಮಾಡೆಲ್ ನಂಬರಿನ ಫೋಟೊ ಹಿಡಿದು ‘ಸಂಜೆ ಬರುತ್ತೇವೆ’ ಎಂದು ಹೋಗುತ್ತಾರೆ. ಸಂಜೆ ಬರುವುದಿಲ್ಲ. ಕೆಲವು ತಿಂಗಳ ನಂತರ, ಕುಕ್ಕರ್ ಕೂಗುತ್ತಿಲ್ಲವೆಂದು ಆನ್‌ಲೈನ್‌ನಲ್ಲಿ ಕೊಂಡದ್ದನ್ನೇ ಹೊತ್ತು ತರುತ್ತಾರೆ. ಚಿಕ್ಕಪ್ಪ ವೆಯ್ಟ್ ತೆಗೆದು, ತಂತಿಯಿಂದ ತೂತು ಬಿಡಿಸಿ ಕೊಡುತ್ತಾರೆ. ಅದಕ್ಕೆ ದುಡ್ಡು ಕೇಳುವುದು ಅವರ ಜಾಯಮಾನವಲ್ಲ. ಗಣಪತಿ ಚಂದಾಕ್ಕೂ ಹುಡುಗರು ಮೊದಲು ಹತ್ತುವುದು ಅವರ ಅಂಗಡಿಯ ಮೆಟ್ಟಿಲನ್ನೇ. ನನಗೆ ಹೊಟ್ಟೆ ಉರಿಯುವುದು ಇಲ್ಲಿ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳವರೆಗೂ ನೋಟಿಸ್ ಕಳುಹಿಸಿತು. ಬೆಂಗಳೂರಿನಲ್ಲಿ ‘ನಗದು ಮಾತ್ರ’ ಎಂಬ ಚೀಟಿಗಳು ಎದ್ದವು. ಸಣ್ಣವರ ಬೆನ್ನು ಹತ್ತಲು ಇಷ್ಟು ಹುರುಪಿದ್ದರೆ ದೊಡ್ಡವರ ಪಾರ್ಸೆಲ್ ಮೇಲೆ ಚಿಕ್ಕದೊಂದು ಸೆಸ್ ಹಾಕಲು ಹಿಂಜರಿಕೆ ಏಕೆ? 2017ರಲ್ಲಿ ಜಿಎಸ್‌ಟಿ ಬರುವವರೆಗೂ ನಮ್ಮಲ್ಲಿ ಹೊರಗಿನಿಂದ ಬರುವ ಸರಕಿಗೆ ಪ್ರವೇಶ ತೆರಿಗೆ ಇತ್ತಲ್ಲ! ಸೆಸ್ ಹಣ ನೇರವಾಗಿ ಆಯಾ ಊರಿನ ನಗರಸಭೆಗೇ ಸೇರಲಿ.

ವಿರೋಧ: ಹೊರೆ ಬೀಳುವುದು ಸಣ್ಣವರ ಮೇಲೆ

ಊರಿನ ಅಂಗಡಿಗಳು ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ನಾನೂ ದಿನಸಿ ತರುವುದು ಅಲ್ಲಿಂದಲೇ. ಆದರೂ ಸೆಸ್ ಸರಿಯಾದ ದಾರಿಯಲ್ಲ.

ಕರ್ನಾಟಕದಲ್ಲಿ ಸರಕು ಮಾರುವ ಅಂಗಡಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಶಿರಸಿಯ ಮಹಿಳೆಯೊಬ್ಬರು ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಆನ್‌ಲೈನ್ ವೇದಿಕೆಯ ಮೂಲಕ ಪುಣೆಗೆ ಮಾರಬೇಕೆಂದರೆ ಮೊದಲ ಬಾಟಲಿಗೇ ನೋಂದಣಿ ಕಡ್ಡಾಯ. ಸಣ್ಣ ಅಂಗಡಿಯವರಿಗೆ ಸಿಗುವ, ವಹಿವಾಟಿನ ಶೇ 1ರಷ್ಟನ್ನು ಕಟ್ಟಿ ಮುಗಿಸುವ ರಾಜಿ ತೆರಿಗೆಯ (ಕಾಂಪೊಸಿಷನ್) ಅನುಕೂಲವೂ ಅವರಿಗಿಲ್ಲ. ಮಾರಿದ ಹಣದಲ್ಲಿ ಶೇ 0.5ರಷ್ಟನ್ನು ವೇದಿಕೆ ತೆರಿಗೆಯ ಲೆಕ್ಕಕ್ಕೆ ಮೊದಲೇ ಹಿಡಿಯುತ್ತದೆ. ಇದರ ಮೇಲೆ ಊರಿಗೊಂದು ಸುಂಕದ ಕಟ್ಟೆ ಏಳಬೇಕೆ?

ಹೊರರಾಜ್ಯದಿಂದ ಬಂದ ಸರಕಿನ ಜಿಎಸ್‌ಟಿಯಲ್ಲಿ ರಾಜ್ಯದ ಪಾಲು ಕರ್ನಾಟಕಕ್ಕೇ ಸೇರುತ್ತದೆ. ಪರವಾನಗಿ ಶುಲ್ಕ ಅಂಗಡಿಯವರಿಗೆ ಭಾರವಾಗಿದ್ದರೆ ಇಳಿಸಬೇಕಾದದ್ದು ಆ ಶುಲ್ಕವನ್ನು.