"ಅಲ್ಲಪ್ಪಾ, ಅವನು ಮಲಗಬಹುದಾ?"

ಹೋದ ವಾರ ಅಕ್ಕನ ಮಗ ಡಲ್ಲಾಸ್‌ನಿಂದ ಒಂದು ವಿಡಿಯೋ ಕಳಿಸಿದ್ದ. ದೊಡ್ಡ ಟ್ರಕ್ಕಿನ ಕ್ಯಾಬಿನ್ ಒಳಗೆ ತೆಗೆದದ್ದು. ಮುಂದೆ ನೇರ ಹೈವೇ. ಡ್ರೈವರ್ ಸೀಟಲ್ಲಿ ಒಬ್ಬ ಕೂತಿದ್ದಾನೆ, ಎರಡೂ ಕೈ ತೊಡೆಯ ಮೇಲಿವೆ. ಸ್ಟೀರಿಂಗ್ ಮಾತ್ರ ತಾನಾಗಿ ಒಂಚೂರು ಆಚೆ, ಒಂಚೂರು ಈಚೆ ತಿರುಗುತ್ತಿದೆ. "ಮಾಮಾ, ನಿಮ್ಮ ಡ್ರೈವರ್‌ಗಳ ಕಥೆ ಮುಗೀತು" ಅಂತ ಕೆಳಗೆ ಬರೆದಿದ್ದ.

ನಾನು ಮಂಗಳೂರಿನ ಬೈಕಂಪಾಡಿಯಲ್ಲಿ ಲಾರಿ ಬುಕಿಂಗ್ ಆಫೀಸು ನಡೆಸುತ್ತಿದ್ದೇನೆ. ಊರು ಹಾಸನದ ಕಡೆ. 21 ವರ್ಷದಿಂದ ಇದೇ ಕೆಲಸ. ಲೋಡು ಇದ್ದವರಿಗೆ ಲಾರಿ ಹುಡುಕೋದು, ಖಾಲಿ ನಿಂತ ಲಾರಿಗೆ ಲೋಡು ಹುಡುಕೋದು. ವಿಡಿಯೋ ಬಂದಾಗ ಅರಸೀಕೆರೆ ಕಡೆಯ ಹಿರಿಯ ಡ್ರೈವರ್ ಒಬ್ಬರು ಬಿಲ್ಟಿಗೆ, ಅಂದರೆ ಲೋಡಿನ ಕಾಗದಕ್ಕೆ, ಕಾಯುತ್ತಾ ನನ್ನೆದುರು ಕೂತಿದ್ದರು. ಮೂವತ್ತು ವರ್ಷದಿಂದ ಶಿರಾಡಿ ಘಟ್ಟ ಹತ್ತಿ ಇಳಿದವರು. ಫೋನ್ ಅವರ ಕೈಗೆ ಕೊಟ್ಟೆ. ಎರಡು ಸಲ ನೋಡಿದರು. ವಾಪಸ್ ಕೊಡುವಾಗ ಒಂದೇ ಮಾತು ಕೇಳಿದರು.

"ಅಲ್ಲಪ್ಪಾ, ಅವನು ಮಲಗಬಹುದಾ?"

"ಇಲ್ಲಣ್ಣ, ರೋಡ್ ನೋಡ್ತಾನೇ ಕೂರಬೇಕಂತೆ."

"ಮತ್ತೇನು ಬಂತು ಬಿಡು" ಅಂದು ಟೀ ಕುಡಿಯಲು ಎದ್ದು ಹೋದರು.

ಕೆಲಸ ಹೋಗುತ್ತಾ ಅಂತ ಅವರು ಕೇಳಲಿಲ್ಲ. ಆ ಟ್ರಕ್ಕಿಗೆ ಎಷ್ಟು ದುಡ್ಡು ಅಂತಲೂ ಕೇಳಲಿಲ್ಲ. ಕೇಳಿದ್ದು ನಿದ್ದೆ ಬಗ್ಗೆ. ಅವತ್ತಿನಿಂದ ಅದೇ ಮಾತು ತಲೆಯಲ್ಲಿ ಕೂತಿದೆ. ಸ್ವಲ್ಪ ಉದ್ದ ಆಗಬಹುದು, ಓದಿ.

ಮೊದಲು ಅಲ್ಲಿ ನಿಜವಾಗಿ ಏನಾಗಿದೆ ಅಂತ ಹೇಳುತ್ತೇನೆ. ಅರೋರಾ ಅನ್ನೋ ಕಂಪನಿ 2025ರ ಏಪ್ರಿಲ್ ಕೊನೆಯಲ್ಲಿ ಟೆಕ್ಸಸ್‌ನ ಡಲ್ಲಾಸ್ ಮತ್ತು ಹ್ಯೂಸ್ಟನ್ ನಡುವೆ ಡ್ರೈವರ್ ಇಲ್ಲದ ಟ್ರಕ್ಕಿನಲ್ಲಿ ಬಾಡಿಗೆ ಲೋಡು ಸಾಗಿಸಲು ಶುರು ಮಾಡಿತು. ಹೆಚ್ಚುಕಮ್ಮಿ ನಮ್ಮ ಬೆಂಗಳೂರು–ಹುಬ್ಬಳ್ಳಿಯಷ್ಟು ದೂರ. ಕೆಲವೇ ವಾರದಲ್ಲಿ ಟ್ರಕ್ ತಯಾರಿಸಿದ ಪ್ಯಾಕಾರ್ ಕಂಪನಿಯವರು ಸೀಟಲ್ಲಿ ಒಬ್ಬರನ್ನು ಕೂರಿಸಿ ಅಂತ ಕೇಳಿಕೊಂಡರು. ಹಾಗಾಗಿ ಮನುಷ್ಯ ಮತ್ತೆ ಸೀಟಿಗೆ ಬಂದ. ಓಡಿಸೋದಕ್ಕಲ್ಲ, ನೋಡೋದಕ್ಕೆ. ಇದಕ್ಕೂ ಮುಂಚೆ 2016ರಲ್ಲಿ ಒಟ್ಟೋ ಅನ್ನೋ ಕಂಪನಿ ಕೊಲರಾಡೋದಲ್ಲಿ ಸುಮಾರು 200 ಕಿಲೋಮೀಟರ್ ಬಿಯರ್ ಲೋಡು ಸಾಗಿಸಿ ದೊಡ್ಡ ಸುದ್ದಿ ಮಾಡಿತ್ತು. ಅದನ್ನು ಕೊಂಡ ಊಬರ್ 2018ರಲ್ಲಿ ಟ್ರಕ್ ಕೆಲಸವನ್ನೇ ಕೈಬಿಟ್ಟಿತು. ಸ್ಟಾರ್‌ಸ್ಕೀ ಅನ್ನೋದು 2020ರಲ್ಲಿ ಬಾಗಿಲು ಹಾಕಿತು. ವೇಮೋ ಅನ್ನೋ ಕಂಪನಿ 2023ರಲ್ಲಿ ಟ್ರಕ್ ಬದಿಗಿಟ್ಟು ಕಾರಿನ ಕಡೆ ಹೋಯಿತು. "ಇನ್ನೇನು ಬಂತು" ಅಂತ ಹತ್ತು ವರ್ಷದಿಂದ ಕೇಳುತ್ತಿದ್ದೇವೆ. ಆದರೂ ಸುಮ್ನೆ ತಳ್ಳಿಹಾಕುವ ವಿಷಯ ಇದಲ್ಲ. ಆ ಟ್ರಕ್ ಓಡುತ್ತಿರೋದಂತೂ ನಿಜ.

ಅಲ್ಲಿ ಅದು ಯಾಕೆ ಲಾಭ ಅನ್ನೋದು ನನ್ನಂಥ ಬುಕಿಂಗ್‌ನವನಿಗೆ ಬೇಗ ಅರ್ಥವಾಗುತ್ತೆ. ಅಮೆರಿಕದಲ್ಲಿ ಟ್ರಕ್ ಡ್ರೈವರ್ ದಿನಕ್ಕೆ 11 ಗಂಟೆಗಿಂತ ಜಾಸ್ತಿ ಓಡಿಸುವ ಹಾಗಿಲ್ಲ. ಮತ್ತೆ ಸ್ಟೀರಿಂಗ್ ಹಿಡಿಯಬೇಕಾದರೆ ಸತತ 10 ಗಂಟೆ ಬಿಡುವು ಆಗಿರಬೇಕು. ಬಾಯಿಮಾತಿನ ಲೆಕ್ಕ ನಡೆಯಲ್ಲ. 2017ರ ಕೊನೆಯಿಂದ ಇಂಜಿನ್‌ಗೇ ಜೋಡಿಸಿದ ಪೆಟ್ಟಿಗೆ ಗಂಟೆ ಬರೆದುಕೊಳ್ಳುತ್ತೆ. ಅಂದರೆ ಕೋಟಿ ಬೆಲೆಯ ಗಾಡಿ ದಿನದ ಅರ್ಧ ಹೊತ್ತು ನಿಂತೇ ಇರುತ್ತೆ. ಮಷಿನ್ ಆದರೆ ಡೀಸೆಲ್ ಹಾಕಲು ನಿಲ್ಲಿಸಿ ಮತ್ತೆ ಓಡಿಸಬಹುದು. ಕಂಪನಿಗಳ ಕಣ್ಣು ಇರೋದು ಡ್ರೈವರ್ ಮಲಗುವ ಆ ಗಂಟೆಗಳ ಮೇಲೆ.

ಈಗ ನಮ್ಮ ಕಡೆ ನೋಡಿ. ಮೋಟಾರು ಸಾರಿಗೆ ಕೆಲಸಗಾರರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ 1961ರ ಕಾಯ್ದೆಯಲ್ಲೇ ಬರೆದಿತ್ತು. ನನ್ನ 21 ವರ್ಷದಲ್ಲಿ ಆ ಲೆಕ್ಕ ಇಟ್ಟ ಒಬ್ಬ ಲಾರಿ ಓನರ್‌ನ್ನೂ ನೋಡಿಲ್ಲ. ನಾನೂ ಯಾವತ್ತೂ ಕೇಳಿಲ್ಲ. ಅಮೆರಿಕದವರು ಕೋಟಿಗಟ್ಟಲೆ ಡಾಲರ್ ಸುರಿದು ಮಷಿನ್‌ನಿಂದ ಪಡೆಯಲು ನೋಡುತ್ತಿರುವ ಗಂಟೆಗಳನ್ನು ನಾವು ಡ್ರೈವರ್ ಹತ್ತಿರ ಪುಕ್ಕಟೆಯಾಗಿ ತಗೊಂಡಾಗಿದೆ. ನಮ್ಮಲ್ಲಿ ಆ ಟ್ರಕ್ ಬೇಗ ಬರಲ್ಲ ಅನ್ನೋದಕ್ಕೆ ಕೆಟ್ಟ ರಸ್ತೆ, ಅಡ್ಡ ಬರುವ ಎಮ್ಮೆ, ರಾಂಗ್ ಸೈಡ್ ಬೈಕು ಅಂತ ಎಲ್ಲರೂ ಕಾರಣ ಹೇಳುತ್ತಾರೆ. ಅವೆಲ್ಲ ಇದ್ದದ್ದೇ. ನನಗೆ ಕಾಣುವ ದೊಡ್ಡ ಕಾರಣ ಬೇರೆ. ನಿದ್ದೆ ಮಾಡದ ಗಾಡಿ ನಮ್ಮ ಹತ್ತಿರ ಆಗಲೇ ಇದೆ, ಅದೂ ಸಸ್ತಾ ರೇಟಿಗೆ.

ಇದನ್ನು ಬರೆಯುವ ಯೋಗ್ಯತೆ ನನಗಿದೆಯಾ ಅಂತ ಯೋಚಿಸಿದೆ. ಯಾಕೆಂದರೆ ಕೆಲವು ವರ್ಷದ ಹಿಂದಿನ ಒಂದು ಮಳೆಗಾಲದ ರಾತ್ರಿ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಇಲ್ಲಿಂದ ಬೆಂಗಳೂರಿಗೆ ಲೋಡು. ಬೆಳಗ್ಗೆ ಆರಕ್ಕೆ ಗಾಡಿ ಗೇಟಿನಲ್ಲಿರಬೇಕು ಅಂತ ಪಾರ್ಟಿಯವರ ಒತ್ತಾಯ. ಹುಡುಗ ಹಿಂದಿನ ಎರಡು ರಾತ್ರಿಯೂ ಓಡಿಸಿದ್ದ. ಘಟ್ಟದಲ್ಲಿ ಜಾಮ್ ಆಗಿ ನಾಲ್ಕು ಗಂಟೆ ಹೋಗಿತ್ತು. ಹನ್ನೊಂದಕ್ಕೆ ಫೋನ್ ಮಾಡಿದೆ, ಎಲ್ಲಿದ್ದೀಯಪ್ಪಾ ಅಂತ. ಒಂದು ಗಂಟೆಗೆ ಮತ್ತೆ ಮಾಡಿದೆ. ಮೂರಕ್ಕೆ ಮಾಡಿದಾಗ "ಅಣ್ಣಾ, ಒಂದರ್ಧ ಗಂಟೆ ಸೈಡಿಗೆ ಹಾಕ್ಲಾ" ಅಂದ. "ಇನ್ನೇನು ಬಂದೇಬಿಟ್ಟೆಯಲ್ಲಪ್ಪಾ, ಮುಗಿಸಿ ಮಲಗು" ಅಂದೆ. ಕುಣಿಗಲ್ ದಾಟುವ ಮುಂಚೆ ಗಾಡಿ ರಸ್ತೆ ಬಿಟ್ಟು ಹಳ್ಳಕ್ಕೆ ಇಳಿದು ಮರಕ್ಕೆ ಗುದ್ದಿತು. ಜೀವ ಉಳಿಯಿತು. ಬಲಗಾಲಿನಲ್ಲಿ ಇವತ್ತಿಗೂ ರಾಡ್ ಇದೆ. ಸ್ಟೀರಿಂಗ್ ಹಿಡಿಯೋದು ಬಿಟ್ಟ. ಪೊಲೀಸ್ ಕಾಗದದಲ್ಲಿ ಡ್ರೈವರ್ ಅಜಾಗರೂಕತೆ ಅಂತ ಬರೆದರು. ನನ್ನ ಮೂರು ಫೋನ್ ಯಾವ ಕಾಗದದಲ್ಲೂ ಬರಲಿಲ್ಲ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತಿದ್ದಾರೆ. ಅದರಲ್ಲಿ ಡ್ರೈವರ್ ಕಣ್ಣು ಮುಚ್ಚಿದ್ದರಿಂದ ಹೋದ ಜೀವಗಳೂ ಇವೆ. ಅದಕ್ಕೇ ಮಷಿನ್ ಅಂದ ಕೂಡಲೇ ನಾನು ಬೈಯಲ್ಲ. ಅದು ತೂಕಡಿಸಲ್ಲ, ಕುಡಿಯಲ್ಲ, ಸುತ್ತಲೂ ಒಟ್ಟಿಗೇ ನೋಡುತ್ತೆ. ಕತ್ತಲಲ್ಲಿ ಹೆಡ್‌ಲೈಟ್ ತಲುಪದ ದೂರದಲ್ಲಿ ನಿಂತಿರುವ ಗಾಡಿಯನ್ನೂ ಗುರುತಿಸುತ್ತೆ. ರಾತ್ರಿ ಹೈವೇಯಲ್ಲಿ ಕೆಟ್ಟು ನಿಂತ ಲಾರಿಗೆ ಹಿಂದಿನಿಂದ ಗುದ್ದುವ ಸಾವುಗಳನ್ನು ನೋಡಿದವನು ಈ ಮಾತನ್ನು ಹಗುರವಾಗಿ ತಗೊಳ್ಳಲ್ಲ.

ಆದರೆ ಡ್ರೈವರ್ ಕೆಲಸ ಅಂದರೆ ಸ್ಟೀರಿಂಗ್ ತಿರುಗಿಸೋದು ಅಂತ ತಿಳಿದವರಿಗೆ ಮಳೆಗಾಲದ ಶಿರಾಡಿ ತೋರಿಸಬೇಕು. ಆ ಹಿರಿಯರ ಜೊತೆ ಒಂದು ಸಲ ಸಕಲೇಶಪುರದಿಂದ ಗುಂಡ್ಯಕ್ಕೆ ಕ್ಯಾಬಿನ್‌ನಲ್ಲಿ ಬಂದಿದ್ದೆ. ಹಿಂದೆ 20 ಟನ್ ಮೇಲೆ ಮಾಲು. ಅವರು ಮಾತೇ ಆಡಲಿಲ್ಲ. ರೇಡಿಯೋ ಆಫ್. ಕಿಟಕಿ ನಾಲ್ಕು ಬೆರಳು ಇಳಿಸಿದ್ದರು, ಮಳೆ ಒಳಗೆ ಹೊಡೆಯುತ್ತಿತ್ತು. "ಏರಿಸಿ ಅಣ್ಣಾ, ನೆನೀತೀರ" ಅಂದೆ. "ವಾಸನೆ ಬರಲ್ಲ" ಅಂದರು. ಬ್ರೇಕ್ ಲೈನರ್ ಕಾದರೆ ಮೊದಲು ಮೂಗಿಗೆ ಗೊತ್ತಾಗುತ್ತಂತೆ. ಹತ್ತುವ ಗೇರಿನಲ್ಲೇ ಇಳಿಯಬೇಕು, ಕಾಲಿನಲ್ಲಿ, ಅಂದರೆ ಬ್ರೇಕ್ ಒತ್ತುತ್ತಾ, ಇಳಿಸಬಾರದು ಅಂತ ಒಂದು ಸಲ ಹೇಳಿದರು, ಅಷ್ಟೇ. ಎದುರಿಗೆ ಲೋಡ್ ಗಾಡಿ ಹತ್ತಿ ಬರುತ್ತಿದ್ದರೆ ತಾವೇ ನಿಲ್ಲಿಸಿ ದಾರಿ ಬಿಟ್ಟರು. ಅದು ನಿಂತರೆ ಮತ್ತೆ ಎಳೆಯೋದು ಕಷ್ಟ. ಆ ಡ್ರೈವರ್ ಒಂದು ಸಲ ಲೈಟ್ ಡಿಪ್ ಮಾಡಿದ, ಇವರು ಒಂದು ಬೆರಳು ಎತ್ತಿದರು. ಮುಂದಿನ ತಿರುವಿನಲ್ಲಿ ಮಣ್ಣು ಬಿದ್ದಿದೆ ಅನ್ನೋದು ಅಷ್ಟರಲ್ಲೇ ಇವರಿಗೆ ತಿಳಿದಿತ್ತು. ಹೇಗೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. 2024ರ ಜುಲೈನಲ್ಲಿ ದೊಡ್ಡತಪ್ಪಲೆ ಹತ್ತಿರ ಗುಡ್ಡ ಕುಸಿದಾಗ ಆ ದಾರಿಯಲ್ಲಿ ಸಿಕ್ಕಿಕೊಂಡ ನಮ್ಮ ಡ್ರೈವರ್‌ಗಳು ಮಾಲಿಗೆ ನೀರು ತಾಗದ ಹಾಗೆ ತಾಡಪಾಲಿನ ಹಗ್ಗ ಮತ್ತೆ ಮತ್ತೆ ಬಿಗಿದು ಕಾಯುತ್ತಾ ಕೂತಿದ್ದರು.

ಇದನ್ನೆಲ್ಲ ಮಷಿನ್ ಕಲಿಯಲು ಸಾಧ್ಯವೇ ಇಲ್ಲ ಅಂತ ನಾನು ಹೇಳಲ್ಲ. ಒಂದು ದಿನ ಕಲಿಯಬಹುದು. ಆದರೆ ಅದು ಮೊದಲು ಬರೋದು ಘಟ್ಟಕ್ಕಲ್ಲ, ಸುಲಭದ ಜಾಗಕ್ಕೆ. ಆಸ್ಟ್ರೇಲಿಯಾದ ಪಿಲ್ಬರಾ ಕಬ್ಬಿಣದ ಗಣಿಗಳಲ್ಲಿ ರಿಯೋ ಟಿಂಟೋ ಕಂಪನಿ 2008ರಿಂದಲೇ ಡ್ರೈವರ್ ಇಲ್ಲದ ಗಾಡಿ ಓಡಿಸುತ್ತಿದೆ. ಅವನ್ನು ನೋಡಿಕೊಳ್ಳುವವರು ಸುಮಾರು 1,500 ಕಿಲೋಮೀಟರ್ ದೂರದ ಪರ್ತ್‌ನಲ್ಲಿ ಕೂತಿರುತ್ತಾರೆ. ಗಣಿ, ಬಂದರಿನ ಯಾರ್ಡ್, ಆಮೇಲೆ ನೇರ ಹೈವೇ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸ್ಟೀವ್ ವಿಸೆಲ್ಲಿ ಅನ್ನೋ ಸಮಾಜಶಾಸ್ತ್ರಜ್ಞ ಅಮೆರಿಕದಲ್ಲಿ ಸುಮಾರು 2.94 ಲಕ್ಷ ದೂರದೂರಿನ ಟ್ರಕ್ ಕೆಲಸಗಳಿಗೆ ಅಪಾಯ ಇದೆ ಅಂತ 2018ರಲ್ಲೇ ಲೆಕ್ಕ ಹಾಕಿದ್ದರು. ಅವರ ಚಿಂತೆ ಏನೆಂದರೆ, ಒಳ್ಳೆ ಸಂಬಳದ ಹೈವೇ ಕೆಲಸ ಮಷಿನ್‌ಗೆ ಹೋಗುತ್ತೆ, ಊರೊಳಗಿನ ಕಾಯುವ ಕೆಲಸ, ಕಮ್ಮಿ ದುಡ್ಡಿನ ಕೆಲಸ ಮನುಷ್ಯನಿಗೆ ಉಳಿಯುತ್ತೆ. ಇದು ನನಗೆ ಬಹಳ ಸರಿ ಅನ್ನಿಸಿತು.

ಮಷಿನ್ ಡ್ರೈವರ್ ಕೆಲಸ ಕಿತ್ತುಕೊಂಡದ್ದನ್ನು ನಾವು ನೋಡೇ ಇಲ್ಲ ಅಂತಲೂ ಅಲ್ಲ. ಸಂಡೂರು, ಹೊಸಪೇಟೆ ಕಡೆಯವರನ್ನು ಕೇಳಿ. ಅದಿರಿನ ಕಾಲದಲ್ಲಿ ಜಮೀನು ಅಡ ಇಟ್ಟು ಲಾರಿ ತಗೊಂಡವರು ಎಷ್ಟೋ ಜನ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ಮನೆ ಮುಂದೆ ತುಕ್ಕು ಹಿಡಿದವು. ಕಾಡು, ರಸ್ತೆ, ಊರು ಹಾಳಾಗಿದ್ದವು, ನಿಲ್ಲಿಸಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಗಣಿಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅದಿರು ಹೊರಲು ಉದ್ದನೆಯ ಪೈಪ್ ಕನ್ವೇಯರ್ ಬಂತು. ಧೂಳು ಕಮ್ಮಿಯಾಯಿತು, ಒಳ್ಳೆಯದೇ. ಕ್ಯಾಮೆರಾ ಇಲ್ಲ, ಕಂಪ್ಯೂಟರ್ ಸುದ್ದಿ ಇಲ್ಲ, ಒಂದು ರಬ್ಬರ್ ಬೆಲ್ಟು ಅಷ್ಟೇ. ಆ ಬೆಲ್ಟು ಹೊತ್ತ ಅದಿರನ್ನು ಹಿಂದೆ ಲಾರಿಗಳು ಹೊರುತ್ತಿದ್ದವು. ಆ ಡ್ರೈವರ್‌ಗಳು ಈಗ ಏನು ಮಾಡುತ್ತಿದ್ದಾರೆ ಅಂತ ಯಾರಾದರೂ ಹೋಗಿ ಕೇಳಿದ್ದೀರಾ?

ಇನ್ನೊಂದು ಕಡೆ ನಮ್ಮ ಸುರತ್ಕಲ್ ನೋಡಿ, ನನ್ನ ಆಫೀಸಿನಿಂದ ಕೂಗಳತೆ ದೂರ. ಕೊಂಕಣ ರೈಲ್ವೆಯವರು 1999ರಲ್ಲಿ ರೋ-ರೋ ಶುರು ಮಾಡಿದರು. ಲೋಡು ತುಂಬಿದ ಲಾರಿಯನ್ನೇ ರೈಲಿನ ಮೇಲೆ ಹತ್ತಿಸಿ ಸಾಗಿಸೋದು. ಇಲ್ಲಿ ಹತ್ತಿದರೆ ಮಹಾರಾಷ್ಟ್ರದ ಕೊಲಾಡ್‌ನಲ್ಲಿ ಇಳಿಯಬಹುದು, ಸುಮಾರು 700 ಕಿಲೋಮೀಟರ್. ಡ್ರೈವರ್, ಕ್ಲೀನರ್ ತಮ್ಮ ಕ್ಯಾಬಿನ್‌ನಲ್ಲೇ ಇರುತ್ತಾರೆ. ಲಾರಿ ಓಡುತ್ತೆ, ಸ್ಟೀರಿಂಗ್ ಯಾರೂ ಹಿಡಿದಿರಲ್ಲ, ಡ್ರೈವರ್ ಸೀಟಿನ ಹಿಂದೆ ಚಾದರ ಹೊದ್ದು ಮಲಗಿರುತ್ತಾನೆ. ಇಳಿದ ಮೇಲೆ ಮತ್ತೆ ಅವನೇ ಓಡಿಸುತ್ತಾನೆ. ಡೀಸೆಲ್ ಉಳಿಯಿತು, ಟೈರ್ ಉಳಿಯಿತು, ಯಾರ ಕೆಲಸವೂ ಹೋಗಲಿಲ್ಲ. ನಮ್ಮ ಹಿರಿಯರು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ ಅಲ್ವಾ? ಯಂತ್ರ ತಂದದ್ದು ಯಾರ ಅನುಕೂಲಕ್ಕೆ ಅನ್ನೋದರ ಮೇಲೆ ಎಲ್ಲ ನಿಂತಿದೆ.

ನಿತಿನ್ ಗಡ್ಕರಿ ಅವರು 2023ರ ಡಿಸೆಂಬರ್‌ನಲ್ಲಿ ಡ್ರೈವರ್ ಇಲ್ಲದ ಕಾರು ನಮ್ಮ ದೇಶಕ್ಕೆ ಬೇಡ, ಚಾಲಕರ ಕೆಲಸ ಹೋಗುತ್ತೆ ಅಂದಿದ್ದರು. ಒಳ್ಳೆ ಮಾತು. ಅದಕ್ಕಿಂತ ನನಗೆ ಖುಷಿ ಕೊಟ್ಟದ್ದು 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಅನ್ನೋ ನಿಯಮ. ಇಂಜಿನ್ ಬಿಸಿಗೆ ಬೆಂದವರಿಗೇ ಅದರ ಬೆಲೆ ಗೊತ್ತು. ಆದರೆ ಎಸಿ ಕ್ಯಾಬಿನ್ ಕೊಟ್ಟು ಮಲಗಲು ಬಿಡದಿದ್ದರೆ ಏನು ಬಂತು?

ಈಗ ನನ್ನ ನಿಜವಾದ ಭಯ ಹೇಳುತ್ತೇನೆ. ನನ್ನ ಹತ್ತಿರ ಬರುವ ಡ್ರೈವರ್‌ಗಳಲ್ಲಿ ನಲವತ್ತು ದಾಟಿದವರೇ ಜಾಸ್ತಿ. ಹೊಸ ಹುಡುಗರು ಬರುತ್ತಿಲ್ಲ. ಕ್ಲೀನರ್ ಸಿಗೋದು ನಿಂತು ಎಷ್ಟೋ ವರ್ಷ ಆಯಿತು. ಹಿಂದೆ ಕ್ಲೀನರ್ ಆಗಿ ಬಂದು, ಟೈರ್ ಬಿಚ್ಚಿ, ತಾಡಪಾಲು ಕಟ್ಟಿ, ಅಲ್ಲೇ ಡ್ರೈವಿಂಗ್ ಕಲಿಯುತ್ತಿದ್ದರು. ಆ ಶಾಲೆ ಮುಚ್ಚಿತು. ಯಾಕೆ ಬರಬೇಕು ಹೇಳಿ? ಕಾರ್ಖಾನೆ ಗೇಟಿನಲ್ಲಿ ಎರಡು ದಿನ ಕಾಯಿಸುತ್ತಾರೆ, ಟಾಯ್ಲೆಟ್ ಕೇಳಿದರೆ ಸೆಕ್ಯೂರಿಟಿಯವರು ಆಚೆ ಗಿಡದ ಕಡೆ ಕೈ ತೋರಿಸುತ್ತಾರೆ. ಆಕ್ಸಿಡೆಂಟ್ ಆದರೆ ಯಾರದ್ದೇ ತಪ್ಪಿರಲಿ, ದೊಡ್ಡ ಗಾಡಿಯವನಿಗೇ ಹೊಡೆತ. ಹೆಣ್ಣು ಕೊಡಲ್ಲ. ಗುದ್ದಿ ಓಡಿದರೆ 10 ವರ್ಷದವರೆಗೆ ಜೈಲು ಅನ್ನೋ ಹೊಸ ಕಾನೂನಿನ ವಿರುದ್ಧ 2024ರ ಜನವರಿಯಲ್ಲಿ ಲಾರಿಗಳು ನಿಂತಾಗ, ಪೆಟ್ರೋಲ್ ಬಂಕ್ ಖಾಲಿಯಾದಾಗ ಮಾತ್ರ ದೇಶಕ್ಕೆ ಇವರ ನೆನಪಾಯಿತು. ಹೀಗೇ ಹೋದರೆ ಮಷಿನ್ ಬಂದು ಯಾರನ್ನೂ ಓಡಿಸಬೇಕಿಲ್ಲ. ಡ್ರೈವರ್ ಎದ್ದು ಹೋದ ಸೀಟು ಖಾಲಿ ಇರುತ್ತೆ, ಅದು ಬಂದು ಕೂರುತ್ತೆ.

ಲಾರಿಯವರ ಜೊತೆ ವ್ಯವಹಾರ ಇರುವ ಸ್ನೇಹಿತರು ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಕಾಯಿಸಿದ ಗಂಟೆಗೆ ದುಡ್ಡು ಕೊಡಿ. ಗೇಟಿನ ಪಕ್ಕ ಒಂದು ಟಾಯ್ಲೆಟ್, ನಾಲ್ಕು ಮಂಚ ಹಾಕಿಸಿ. ಮಾಲು ತಲುಪುವ ಹೊತ್ತು ಬರೆಯುವಾಗ ಡ್ರೈವರ್ ಮಲಗುವ ಹೊತ್ತನ್ನೂ ಸೇರಿಸಿ ಬರೆಯಿರಿ. ಕುಣಿಗಲ್ ಘಟನೆ ಆದ ಮೇಲೆ ನಾನು ರಾತ್ರಿ ಹತ್ತರ ನಂತರ ಡ್ರೈವರ್‌ಗೆ ಫೋನ್ ಮಾಡೋದು ಬಿಟ್ಟಿದ್ದೇನೆ. ಮೂರು ಪಾರ್ಟಿ ಬೇರೆ ಆಫೀಸಿಗೆ ಹೋದರು. ಹೋಗಲಿ.

ಅವತ್ತು ಟೀ ಕುಡಿದು ಬಂದ ಹಿರಿಯರು ಬಿಲ್ಟಿ ಮಡಚಿ ಅಂಗಿ ಜೇಬಿಗೆ ಇಟ್ಟುಕೊಂಡು, "ಸಕಲೇಶಪುರ ದಾಟಿ ಸೈಡಿಗೆ ಹಾಕಿ ಮಲಗ್ತೀನಿ. ಐದು ಗಂಟೆ. ಪಾರ್ಟಿಗೆ ನೀನೇ ಹೇಳ್ಕೋ" ಅಂದರು. ಗಾಡಿ ಗೇಟು ದಾಟಿದ ಮೇಲೆ ಪಾರ್ಟಿಗೆ ಫೋನ್ ಮಾಡಿದೆ. ಬೆಳಗ್ಗೆ ಆಗಲ್ಲ, ಮಧ್ಯಾಹ್ನ ಹನ್ನೆರಡಕ್ಕೆ ಬರುತ್ತೆ ಅಂದೆ. ಯಾಕೆ ಅಂತ ಕೇಳಿದರು. ಡ್ರೈವರ್ ಮಲಗಬೇಕು ಸಾರ್ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಸರಿ, ಹನ್ನೆರಡಕ್ಕೆ ಬರಲಿ" ಅಂದು ಫೋನ್ ಇಟ್ಟರು.