ನಡ ನೋವಿಗೂ ಪಗಾರ ಸಿಗತೈತಿ, ಕೇಳಿ ತಗೋರಿ

ಹುಬ್ಬಳ್ಳಿಯ ಗೋಕುಲ ರೋಡಿನ ಕಾರ್ಖಾನೆಗಳಲ್ಲಿ ದಿನವಿಡೀ ನಿಂತು ದುಡಿಯುವವರು, ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾಕ್ಕೆ ಶಿಫ್ಟಿಗೆ ಹೋಗುವವರು, ಅವರ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮ ಅಣ್ಣ ಲೇತ್ ಆಪರೇಟರ್. ನಡದ ಡಿಸ್ಕ್ (ಬೆನ್ನೆಲುಬುಗಳ ನಡುವಿನ ಮೆತ್ತೆ) ಸರಿದು ನರ ಒತ್ತಿ, ಬಲಗಾಲಿನ ಹೆಬ್ಬೆರಳತನಕ ಜೋಮು ಹಿಡಿಯಿತು. ಮನೆಯಲ್ಲಿ ಒಂದು ವಿಮಾ ಪಾಲಿಸಿ ಇತ್ತು. "ಕೆಲಸಕ್ಕ ಹೋಗಾಕ ಆಗ್ಲಿಲ್ಲಂದ್ರ ವಾರಾ ವಾರಾ ರೊಕ್ಕ ಬರತೈತಿ" ಎಂದು ಹೇಳಿ ಕೊಟ್ಟಿದ್ದರು. ಕ್ಲೇಮ್ ಹಾಕಿದರೆ, ಇದು ಅಪಘಾತಕ್ಕೆ ಮಾತ್ರ, ಡಿಸ್ಕ್ ಸವೆತ ಕಾಯಿಲೆ, ಕೊಡಲು ಬರುವುದಿಲ್ಲ ಎಂದು ಪತ್ರ ಬಂತು. ಪಾಲಿಸಿಯಲ್ಲಿ ಬರೆದದ್ದೂ ಹಾಗೇ ಇತ್ತು. ಲೇತ್ ಮುಂದೆ ನಿಲ್ಲುವವನ ನಡ ಒಂದೇ ದಿನ ಬಿದ್ದು ಮುರಿಯುವುದಿಲ್ಲ, ವರ್ಷಗಟ್ಟಲೆ ಸವೆಯುತ್ತದೆ. ಅಂಥವನಿಗೆ ಅಪಘಾತದ ಪಾಲಿಸಿಯನ್ನು ಪಗಾರದ ರಕ್ಷಣೆ ಅಂತ ಮಾರುವುದು ಅನ್ಯಾಯ. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ. "ಕಾಯಿಲೆ ಬಿದ್ದರೂ ಕೊಡತೀರೇನ್ರಿ? ಎಲ್ಲಿ ಬರದೈತಿ, ತೋರಿಸ್ರಿ" ಎಂದು ಕೇಳದೆ ಯಾರೂ ಸಹಿ ಮಾಡಬೇಡಿ.

ಕೈ ಹಿಡಿದದ್ದು ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮಾ ಯೋಜನೆ. ಪಗಾರದಲ್ಲಿ ಪ್ರತಿ ತಿಂಗಳು ಮುರಿದುಕೊಳ್ಳುವ ಆ ಶೇ. 0.75 ಬರೀ ಔಷಧಿಗೆ ಎಂದುಕೊಂಡವರೇ ನಮ್ಮಲ್ಲಿ ಹೆಚ್ಚು. ಕಾಯಿಲೆ ರಜೆಗೆ ಪಗಾರದ ಶೇ. 70ರಂತೆ ವರ್ಷಕ್ಕೆ 91 ದಿನಗಳವರೆಗೆ ಹಣ ಬರುತ್ತದೆ. ಅದು ಮುಗಿದ ಮೇಲೆ 34 ದೀರ್ಘ ಕಾಯಿಲೆಗಳಿಗೆ ಶೇ. 80ರಂತೆ, ಹೆಚ್ಚೆಂದರೆ ಎರಡು ವರ್ಷದತನಕ ಸಿಗುತ್ತದೆ. ಕ್ಷಯ, ಕ್ಯಾನ್ಸರ್ ಇರುವ ಆ ಪಟ್ಟಿಯಲ್ಲಿ ಡಿಸ್ಕ್ ಸರಿಯುವುದೂ ಇದೆ! ಈ ಎರಡನೆಯದಕ್ಕೆ ಎರಡು ವರ್ಷ ಸತತ ನೌಕರಿ ಆಗಿರಬೇಕು, ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳು) 156 ದಿನಗಳ ವಂತಿಗೆ ಕಟ್ಟಿರಬೇಕು. ಕಾರ್ಖಾನೆಯ ಆಫೀಸಿನಲ್ಲಿ ಇದನ್ನು ಯಾರೂ ನಮಗೆ ಹೇಳಲಿಲ್ಲ. ಅಣ್ಣನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರು ಹೇಳಿದರು.

ನಡ ನೋವು ಹೊರಗೆ ಕಾಣುವುದಿಲ್ಲ. "ಆರಾಮ ಅಡ್ಡಾಡತಾನಲ್ಲ" ಅನ್ನುವವರು ಓಣಿಯಲ್ಲೂ ಇದ್ದಾರೆ, ಕಚೇರಿಯಲ್ಲೂ ಇದ್ದಾರೆ. ಎಂಆರ್‌ಐ ಒಂದನ್ನೇ ಮುಂದೆ ಇಟ್ಟರೆ ಸಾಲದು, ಯಾಕೆಂದರೆ ನೋವೇ ಇಲ್ಲದವರ ಎಂಆರ್‌ಐನಲ್ಲೂ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ಎಷ್ಟು ಹೊತ್ತು ನಿಲ್ಲಬಲ್ಲ, ಬಗ್ಗಿ ಎಷ್ಟು ಭಾರ ಎತ್ತಬಲ್ಲ, ಅವನ ಕೆಲಸಕ್ಕೆ ಏನು ಬೇಕು, ಇದನ್ನೆಲ್ಲ ಡಾಕ್ಟರ್ ಹತ್ತಿರ ಬಿಡಿಸಿ ಬರೆಸಿಕೊಳ್ಳಿ. ಇಎಸ್‌ಐ ಡಾಕ್ಟರ್ ಕೊಡುವ ಸರ್ಟಿಫಿಕೇಟುಗಳ ನಡುವೆ ಒಂದು ದಿನವೂ ಖಾಲಿ ಬಿಡಬೇಡಿ. ಆ ದಿನಗಳಲ್ಲಿ ಕೆಲಸಕ್ಕೆ ಬಂದಿಲ್ಲ ಎಂದು ಕಾರ್ಖಾನೆಯವರೂ ಖಾತ್ರಿ ಮಾಡಬೇಕಾಗುತ್ತದೆ, ಅವರ ಬೆನ್ನು ಹತ್ತಿರಿ.

ಕಾಯಿಲೆಗೂ ಕೊಡುತ್ತೇವೆ ಎಂದು ಬರೆದ ಪಾಲಿಸಿ ಇದ್ದೂ ಕಂಪನಿ ಒಪ್ಪದಿದ್ದರೆ, ನಿರಾಕರಣೆಯ ಪತ್ರ ಬಂದ ಒಂದು ವರ್ಷದೊಳಗೆ ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ.

ಇಎಸ್‌ಐ ಈಗ ತಿಂಗಳಿಗೆ 21,000 ರೂಪಾಯಿವರೆಗಿನ ಪಗಾರದವರಿಗೆ ಅಷ್ಟೇ. ಓವರ್‌ಟೈಮ್ ಬಿಟ್ಟು ಲೆಕ್ಕ ಹಾಕಿದರೂ ಅನುಭವಿ ಆಪರೇಟರ್ ಅದನ್ನು ದಾಟುತ್ತಾನೆ. ನಡ ಸವೆಯುವ ವಯಸ್ಸಿಗೇ ಆಸರೆ ತಪ್ಪುತ್ತದೆ. ಅಮರಗೋಳದ ಎಪಿಎಂಸಿಯಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಚೀಲ ಹೊರುವ ಹಮಾಲರಿಗೆ ಪಗಾರ ಚೀಟಿಯೇ ಇಲ್ಲ. 2017ರಿಂದ ಹಾಗೇ ನಿಂತಿರುವ ಆ ಮಿತಿ ಏರಬೇಕು, ಹಮಾಲರೂ ಇದರೊಳಗೆ ಬರಬೇಕು. ನಿಮ್ಮ ಯೂನಿಯನ್ ಮೀಟಿಂಗಿನಲ್ಲಿ ಇದನ್ನು ಎತ್ತಿರಿ.