ಶಾಲೆಗೆ ನೂರು ವರ್ಷ, ಮಕ್ಕಳು ಹನ್ನೊಂದು

ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ನಮ್ಮ ಕಡೆ ಶಾಲೆಗಳ ಶತಮಾನೋತ್ಸವದ ಸೀಸನ್ನೂ ಶುರು ಅಂತಲೇ ಲೆಕ್ಕ. ಮಂಗಳೂರಿನಿಂದ ಉಡುಪಿಗೆ ಹೈವೇ ಬಿಟ್ಟು ಒಳದಾರಿಯಲ್ಲಿ ಹೋಗಿ ನೋಡಿ. ಎರಡು ಮೂರು ಊರಿಗೊಂದು ಫ್ಲೆಕ್ಸ್ ಸಿಗುತ್ತದೆ. ಮೇಲ್ಗಡೆ ಮಂತ್ರಿಗಳು, ಶಾಸಕರು, ಮುಂಬೈಯ ಹೋಟೆಲ್ ಉದ್ಯಮಿಗಳು. ಕೆಳಗಡೆ ಅಂಚೆಚೀಟಿ ಸೈಜಿನಲ್ಲಿ ಊರಿನ ಅಷ್ಟೂ ಮುಖಗಳು. ಶಾಲೆಯ ಫೋಟೋ ಎಲ್ಲಿದೆ ಅಂತ ಹುಡುಕಬೇಕು. ಮಕ್ಕಳ ಫೋಟೋ ಹುಡುಕುವುದೇ ಬೇಡ, ಇರುವುದಿಲ್ಲ.

ಇಷ್ಟೊಂದು ಶಾಲೆಗಳಿಗೆ ಒಟ್ಟೊಟ್ಟಿಗೆ ನೂರು ತುಂಬುವುದಕ್ಕೆ ಕಾರಣ ಉಂಟು. ಬಾಸೆಲ್ ಮಿಷನ್‌ನವರು 1834ರಲ್ಲೇ ಮಂಗಳೂರಿಗೆ ಬಂದು ಈ ಜಿಲ್ಲೆಗೆ ಶಾಲೆ ಕಟ್ಟುವ ಚಟ ಹಚ್ಚಿದ್ದರು. ಆಮೇಲೆ ಚರ್ಚಿನವರು, ದೇವಸ್ಥಾನದವರು, ಗುತ್ತಿನ ಮನೆಯ ಜಮೀನ್ದಾರರು, ಬೋರ್ಡಿನವರು ಎಲ್ಲರೂ ಶುರು ಮಾಡಿದರು. ಆಗ ನಾವು ಮದ್ರಾಸಿನವರು, 1956ರವರೆಗೂ. ಮುಳಿಹುಲ್ಲಿನ ಮಾಡು ಹಾಕಿ, ಒಬ್ಬರು ಐಗಳನ್ನು, ಅಂದರೆ ಮಾಸ್ಟ್ರನ್ನು, ಕೂರಿಸಿದರೆ ಶಾಲೆ ಆಯಿತು. ಎಲ್ಲರನ್ನೂ ಒಳಗೆ ಬಿಡುತ್ತಿದ್ದರು ಅಂತ ಮಾತ್ರ ತಿಳಿಯಬೇಡಿ. 1892ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಅವರಿಗೆ ಅವರ ಜಾತಿಯವರೇ ಬಹಿಷ್ಕಾರ ಹಾಕಿದರು. ಇಂಥ ಮಕ್ಕಳು ಶಾಲೆಗೆ ಬರಬಾರದು ಅಂತ ಆಗ ಜಗಳ. ಈಗ ಯಾರ ಮಕ್ಕಳಾದರೂ ಆಗಬಹುದು, ಬನ್ನಿ ಅಂತ ಕರೆದರೂ ಬರುವವರಿಲ್ಲ.

ನಮ್ಮೂರ ಶಾಲೆಗೂ ನೂರು ತುಂಬಿತು. ಮಕ್ಕಳು 11. ಶತಮಾನೋತ್ಸವ ಸಮಿತಿಯ ಪದಾಧಿಕಾರಿಗಳು 55. ಆರ್ಥಿಕ ಸಮಿತಿ, ಆಹಾರ ಸಮಿತಿ, ಚಪ್ಪರ ಸಮಿತಿ, ಮೆರವಣಿಗೆ ಸಮಿತಿ, ಪಾರ್ಕಿಂಗ್ ಸಮಿತಿ. ತಲಾ ಒಂದು ಮಗುವಿಗೆ ಐದು ಜನ ಗಣ್ಯರು ಬಿದ್ದರು. ಪ್ರೈಮರಿಯಲ್ಲಿ 30 ಮಕ್ಕಳಿಗೆ ಒಬ್ಬರು ಶಿಕ್ಷಕರು ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಎಷ್ಟು ಮಕ್ಕಳಿಗೆ ಎಷ್ಟು ಗೌರವಾಧ್ಯಕ್ಷರು ಎಂಬ ಬಗ್ಗೆ ಕಾಯ್ದೆ ಏನೂ ಹೇಳಿಲ್ಲ. ಆ ಒಂದು ಸಂದಿಯಲ್ಲಿ ನಾವು ನುಗ್ಗಿದ್ದೇವೆ.

ದಾನಿಗಳಿಗೇನೂ ಕಮ್ಮಿ ಇಲ್ಲ. ಸ್ವಾಗತ ಗೋಪುರಕ್ಕೆ ಒಬ್ಬರು, ಧ್ವಜಕಟ್ಟೆಗೆ ಒಬ್ಬರು, ಕುಡಿಯುವ ನೀರಿನ ಫಿಲ್ಟರಿಗೆ ಒಬ್ಬರು. ಫ್ಯಾನ್ ಕೊಟ್ಟವರೊಬ್ಬರು ಅದರ ಮೂರು ರೆಕ್ಕೆಗೂ ಕೆಂಪು ಪೈಂಟಿನಲ್ಲಿ ಬರೆಸಿದ್ದರು. ಒಂದರಲ್ಲಿ ತಮ್ಮ ಹೆಸರು, ಇನ್ನೊಂದರಲ್ಲಿ ತೀರಿಕೊಂಡ ತಂದೆಯವರ ಹೆಸರು, ಮೂರನೆಯದರಲ್ಲಿ ಮುಂಬೈಯ ಹೋಟೆಲಿನ ಹೆಸರು. ಫ್ಯಾನ್ ತಿರುಗಿದರೆ ಹೆಸರು ಓದಲಿಕ್ಕಾಗುವುದಿಲ್ಲ. ಹಾಗಾಗಿ ಉದ್ಘಾಟನೆಯ ದಿನ ಅಷ್ಟು ಸೆಖೆಯಲ್ಲೂ ಅದನ್ನು ಆಫ್ ಮಾಡಿಯೇ ಇಟ್ಟಿದ್ದರು. ದಾನಿಗಳು ಕೆಳಗೆ ನಿಂತು ಬೆವರು ಒರೆಸಿಕೊಳ್ಳುತ್ತಾ ಫೋಟೋ ತೆಗೆಸಿಕೊಂಡರು.

ಆಮೇಲೆ ಭಾಷಣ. ಎಲ್ಲರದ್ದೂ ಒಂದೇ ಭಾಷಣ, ಮೈಕು ಮಾತ್ರ ಕೈಯಿಂದ ಕೈಗೆ ಹೋಯಿತು. "ನಾನು ಇದೇ ಶಾಲೆಯ ಸೆಗಣಿ ಸಾರಿಸಿದ ನೆಲದಲ್ಲಿ ಕೂತು ಓದಿದವನು." ಚಪ್ಪಾಳೆ. "ಬರಿಗಾಲಿನಲ್ಲಿ ಗದ್ದೆ ಹುಣಿಯ ಮೇಲೆ ನಡೆದುಕೊಂಡು ಬರುತ್ತಿದ್ದೆವು." ಚಪ್ಪಾಳೆ. "ಸ್ಲೇಟು ಒರೆಸುವುದಕ್ಕೆ ನೀರುಕಡ್ಡಿ." ಇಲ್ಲಿ ಸ್ವಲ್ಪ ಗಂಟಲು ಕಟ್ಟಬೇಕು. "ಮಧ್ಯಾಹ್ನ ಅಮೆರಿಕದ ಕೇರ್ ಸಂಸ್ಥೆಯವರ ಗೋಧಿಯ ಸಜ್ಜಿಗೆ, ಅದರ ರುಚಿ ಇವತ್ತಿನ ಫೈವ್ ಸ್ಟಾರಿನಲ್ಲೂ ಇಲ್ಲ." ಹೇಳಿದವರು ಸ್ವತಃ ಹೋಟೆಲಿನವರು. ಅವರ ಮೆನುವಿನಲ್ಲಿ ಆ ಸಜ್ಜಿಗೆ ಇದೆಯೇ ಅಂತ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಹುಡುಗಿಯರಿಗೆ ಕಕ್ಕಸು ಇರಲಿಲ್ಲ ಎಂಬುದನ್ನು ಯಾರೂ ನೆನಪು ಮಾಡಿಕೊಳ್ಳಲಿಲ್ಲ. ವೇದಿಕೆಯಲ್ಲಿದ್ದವರೆಲ್ಲ ಗಂಡಸರು, ಅವರಿಗೆ ಗುಡ್ಡೆ ಇತ್ತು. ಬೆತ್ತದ ಪೆಟ್ಟು ಮಾತ್ರ ಎಲ್ಲರಿಗೂ ನೆನಪಿದೆ. "ಮಾಸ್ಟ್ರು ಅಷ್ಟು ಹೊಡೆದದ್ದರಿಂದಲೇ ನಾನು ಇವತ್ತು ಇಲ್ಲಿದ್ದೇನೆ" ಅಂತ ಒಬ್ಬರು ಹೆಮ್ಮೆಯಿಂದ ಹೇಳಿದರು. ಅವರ ಮಗನಿಗೆ ಕ್ಲಾಸ್ ಟೀಚರ್ ಸ್ವಲ್ಪ ಜೋರಾಗಿ ಮಾತಾಡಿದ್ದಕ್ಕೆ ಮ್ಯಾನೇಜ್‌ಮೆಂಟಿಗೆ ಎರಡು ಪುಟ ದೂರು ಕೊಟ್ಟವರೂ ಅವರೇ. ಎರಡೂ ಪುಟ ಇಂಗ್ಲಿಷಿನಲ್ಲಿ.

ಇಂಥ ಸಭೆಗಳಲ್ಲಿ ಹರೇಕಳ ಹಾಜಬ್ಬರ ಹೆಸರು ಬಾರದೆ ಮಂಗಳ ಹಾಡುವ ಹಾಗಿಲ್ಲ. ಮಂಗಳೂರಿನಲ್ಲಿ ಬುಟ್ಟಿಯಲ್ಲಿಟ್ಟು ಕಿತ್ತಳೆ ಮಾರುತ್ತಿದ್ದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ವಿದೇಶಿಯರು ಇಂಗ್ಲಿಷಿನಲ್ಲಿ ಹಣ್ಣಿನ ರೇಟು ಕೇಳಿದಾಗ ಉತ್ತರ ಕೊಡಲಾಗದೆ ನೊಂದುಕೊಂಡು, ಕಿತ್ತಳೆಯ ದುಡ್ಡು ಕೂಡಿಸಿ, ಕಂಡ ಕಂಡ ಆಫೀಸಿನ ಬಾಗಿಲು ತಟ್ಟಿ ತಮ್ಮೂರು ನ್ಯೂಪಡ್ಪಿಗೆ ಸರ್ಕಾರಿ ಶಾಲೆ ತಂದರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂತು. ರಾಷ್ಟ್ರಪತಿ ಭವನದಲ್ಲಿ ಬರಿಗಾಲಿನಲ್ಲಿ ನಡೆದು ಹೋಗಿ ಅದನ್ನು ತೆಗೆದುಕೊಂಡರು. ಶಾಲೆಗೆ ಹೋಗದ ಮನುಷ್ಯ ಒಂದು ಶಾಲೆ ಕಟ್ಟಿದ. ಶಾಲೆಗೆ ಹೋದ ನಾವು ಇದ್ದ ಶಾಲೆಯನ್ನು ಖಾಲಿ ಮಾಡಿ, ಅದರ ಅಂಗಳದಲ್ಲಿ ಶಾಮಿಯಾನ ಹಾಕಿ ಅವರನ್ನು ಹೊಗಳುತ್ತಿದ್ದೇವೆ.

ನಾನು ಎರಡೂ ಕಡೆಯ ಉಪ್ಪು ತಿಂದವನು. ಏಳನೆಯವರೆಗೆ ಇದೇ ಶಾಲೆ, ಎಂಟರಿಂದ ಪೇಟೆಯ ಇಂಗ್ಲಿಷ್ ಮೀಡಿಯಂ. ನಮ್ಮ ಪ್ರಾಯದ ಬಹಳ ಜನರ ಕತೆ ಇದೇ. ಊರ ಶಾಲೆಯಲ್ಲಿ ತುಳು ಮಾತಾಡಿದರೆ ಕನ್ನಡ ಮಾಸ್ಟ್ರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಪೇಟೆಯ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಫೈನ್. ಒಟ್ಟಿನಲ್ಲಿ ಅಮ್ಮನ ಹತ್ತಿರ ಆಡುವ ಮಾತನ್ನು ಶಾಲೆಯಲ್ಲಿ ಆಡಬಾರದು ಅನ್ನುವ ವಿಷಯದಲ್ಲಿ ಸರ್ಕಾರಿ, ಖಾಸಗಿ ಎಂಬ ಭೇದ ಇರಲಿಲ್ಲ. ಎಂಟನೇ ಕ್ಲಾಸಿನಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕೂತು "ಎಸ್ ಸಾರ್" ಬಿಟ್ಟರೆ ಬೇರೆ ಮಾತಾಡಿದ ನೆನಪಿಲ್ಲ. ಇಂಥ ಒಂದು ವರ್ಷ ತನ್ನ ಮಗುವಿಗೆ ಬೇಡ ಅಂತ ಹೆದರಿ ಹಳದಿ ಬಸ್ಸು ಹತ್ತಿಸುವ ತಾಯಂದಿರನ್ನು ನಗೆಯಾಡಲು ನನಗೆ ಮನಸ್ಸಿಲ್ಲ. ಹತ್ತಿಸಿ ಬಂದು "ಕನ್ನಡ ಶಾಲೆ ಉಳಿಸಿ" ಅಂತ ಸ್ಟೇಟಸ್ ಹಾಕುವ ಅಪ್ಪಂದಿರ ಮಾತು ಬೇರೆ.

ಆ ಹಳದಿ ಬಸ್ಸಿನ ಮಕ್ಕಳ ಕಾಲು ನೋಡಿದ್ದೀರಾ? ಜೂನ್ ತಿಂಗಳು, ಕಣ್ಣು ಬಿಡಲಿಕ್ಕಾಗದ ಮಳೆ. ಕಪ್ಪು ಶೂ, ಮೊಣಕಾಲವರೆಗೆ ಬಿಳಿ ಸಾಕ್ಸ್, ಕುತ್ತಿಗೆಗೆ ಟೈ. ಗೇಟಿನಿಂದ ಬಸ್ಸಿಗೆ ಹೋಗುವಷ್ಟರಲ್ಲಿ ಶೂ ಒಳಗೆ ನೀರು ತುಂಬಿ ಪಚಕ್ ಪಚಕ್ ಅನ್ನುತ್ತದೆ. ಸಂಜೆ ಬಂದ ಸಾಕ್ಸನ್ನು ಹಿಂಡಿ, ಒಣಗದಿದ್ದರೆ ಫ್ರಿಜ್ಜಿನ ಹಿಂದೆ ತೂಗಿಸಿ, ಅಲ್ಲೂ ಒಣಗದಿದ್ದರೆ ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆ ಇಡುತ್ತಾರೆ. ಅಡುಗೆ ಮನೆಯಲ್ಲಿ ಏಳುವ ಆ ವಾಸನೆಗೆ ಕರಾವಳಿಯ ಪ್ರತಿ ತಾಯಿಯೂ ಸಾಕ್ಷಿ. ಲಂಡನ್ನಿನ ಚಳಿಗೆ ಹೊಲಿಸಿದ ಯೂನಿಫಾರ್ಮನ್ನು ಉಡುಪಿಯ ಮಳೆಗೆ ಹಾಕಿದ್ದೇವೆ. ಊರ ಶಾಲೆಯ ಮಕ್ಕಳು ರಬ್ಬರ್ ಚಪ್ಪಲಿಯಲ್ಲಿ ಬಂದು, ಕಾಲು ತೊಳೆದು ಒಳಗೆ ಹೋಗುತ್ತಾರೆ. ಆದರೆ ಅದಕ್ಕೆ ಸ್ಟ್ಯಾಂಡರ್ಡ್ ಇಲ್ಲ, ಅಲ್ವಾ?

ಸ್ಟ್ಯಾಂಡರ್ಡಿನ ಇನ್ನೊಂದು ಮುಖ ನೋಡಬೇಕಾದರೆ ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಗಾಲದಲ್ಲಿ, ಖಾಸಗಿ ಶಾಲೆಗೆ ಹೋಗಬೇಕು. "ಆಟಿಡೊಂಜಿ ದಿನ", ಆಟಿಯಲ್ಲೊಂದು ದಿನ ಅಂತ ಕಾರ್ಯಕ್ರಮ. ಮಕ್ಕಳಿಗೆ ಅಂಗಡಿಯಿಂದ ತಂದ ಅಡಿಕೆ ಹಾಳೆಯ ಟೊಪ್ಪಿ ಮುಟ್ಟಾಳೆ, ಹುಡುಗಿಯರಿಗೆ ಬಾಡಿಗೆ ಸೀರೆ. ಪತ್ರೊಡೆ, ತಜಂಕ್ ಸೊಪ್ಪು, ಹಲಸಿನ ಬೀಜದ ಸಾರು. ಹಾಲೆ ಮರದ ಕೆತ್ತೆಯ ಕಷಾಯವನ್ನು ಪೇಪರ್ ಕಪ್ಪಿನಲ್ಲಿ ಕೊಡುತ್ತಾರೆ, ಮಕ್ಕಳು ಗಿಡದ ಬುಡಕ್ಕೆ ಹೊಯ್ಯುತ್ತಾರೆ. ನಿರೂಪಣೆ ಪೂರ್ತಿ ಇಂಗ್ಲಿಷ್. ಆಟಿ ಎಂದರೆ ಬಡತನದ ತಿಂಗಳು, ಮನೆಯಲ್ಲಿ ಅಕ್ಕಿ ಇರುತ್ತಿರಲಿಲ್ಲ, ಗುಡ್ಡೆಯ ಸೊಪ್ಪು ಬೇಯಿಸಿ ತಿನ್ನುತ್ತಿದ್ದರು ಅಂತ ಮಿಸ್ಸು ವಿವರಿಸುತ್ತಾರೆ. ಆ ಬಡತನ ನೋಡುವುದಕ್ಕೆ ಫೀಸು ಬೇರೆ ಕಟ್ಟಬೇಕು. ಮುಂದಿನ ವಾರ ಕೆಸರಿನ ದಿನ. ಬಸ್ಸಿನಲ್ಲಿ ಗದ್ದೆಗೆ ಕರೆದುಕೊಂಡು ಹೋಗಿ ಮಕ್ಕಳನ್ನು ಕೆಸರಿನಲ್ಲಿ ಆಡಿಸುತ್ತಾರೆ. ಬಸ್ ಚಾರ್ಜು, ಟೀ ಶರ್ಟು, ಸರ್ಟಿಫಿಕೇಟು ಎಲ್ಲ ಸೇರಿ ಬಿಲ್ಲು ಬರುತ್ತದೆ. ನಮ್ಮ ಕಾಲದಲ್ಲಿ ಗದ್ದೆಗೆ ಬಿದ್ದು ಮೈಯೆಲ್ಲ ಕೆಸರು ಮಾಡಿಕೊಂಡು ಹೋದರೆ ಮನೆಯಲ್ಲಿ ಸಿಗುತ್ತಿದ್ದ ಸರ್ಟಿಫಿಕೇಟು ಬೆನ್ನಿನ ಮೇಲೆ ಎರಡು ದಿನ ಇರುತ್ತಿತ್ತು.

ಎರಡೂ ಕಡೆಯ ಮಕ್ಕಳಿಗೆ ಸಮಾನವಾಗಿ ಸಿಗುವುದು ಒಂದೇ, ಜಿಲ್ಲಾಧಿಕಾರಿಗಳು ಘೋಷಿಸುವ ಮಳೆ ರಜೆ. ಅದರಲ್ಲೂ ಕೆಲವು ಕಡೆ ಆನ್‌ಲೈನ್ ಕ್ಲಾಸ್ ಇಟ್ಟು ಸಮಾನತೆ ಕೆಡಿಸುತ್ತಾರೆ.

ಸರ್ಕಾರವನ್ನು ಸುಮ್ನೆ ಬಿಡಲಿಕ್ಕಾಗುತ್ತದೆಯೇ? ಅದೂ ನಮ್ಮ ಹಾಗೆಯೇ, ಮೈಕಿನಲ್ಲಿ ಒಂದು, ಮನೆಯಲ್ಲಿ ಒಂದು. 1994ರಲ್ಲಿ ಪ್ರೈಮರಿಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಅಂತ ಆದೇಶ ಹೊರಡಿಸಿತು. ಅದನ್ನು ಹಿಡಿದುಕೊಂಡು ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯಿತು. 2014ರ ಮೇ 6ರಂದು ಸುಪ್ರೀಂ ಕೋರ್ಟು ಹಾಗೆ ಹೇರುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಈ ನಡುವೆ ಶಿಕ್ಷಣ ಹಕ್ಕು ಕಾಯ್ದೆ ಬಂದು, ಖಾಸಗಿ ಶಾಲೆಗಳ 25 ಶೇಕಡಾ ಸೀಟು ಬಡ ಮಕ್ಕಳಿಗೆ, ಫೀಸು ಸರ್ಕಾರದ್ದು ಎಂದಾಯಿತು. ತನ್ನ ಶಾಲೆಯ ಮಕ್ಕಳನ್ನು ಎದುರು ಅಂಗಡಿಗೆ ಕಳಿಸಿ, ಬಿಲ್ಲನ್ನೂ ತಾನೇ ಕೊಟ್ಟಿತು. ಕೆಲವು ವರ್ಷ ಕೊಟ್ಟ ಮೇಲೆ, ಅರೆ, ಅಲ್ಲೇ ಪಕ್ಕದಲ್ಲಿ ನಮ್ಮದೇ ಶಾಲೆ ಉಂಟಲ್ಲ ಅಂತ ನೆನಪಾಯಿತು. ಸರ್ಕಾರಿ ಶಾಲೆ ಹತ್ತಿರ ಇದ್ದರೆ ಖಾಸಗಿ ಸೀಟು ಇಲ್ಲ ಅಂತ 2019ರಿಂದ ನಿಯಮ ಬದಲಾಯಿತು. ಅದೇ ವರ್ಷ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿತು. ಕೋರ್ಟಿನಲ್ಲಿ ಸೋತವರು ಗೆದ್ದವರ ಅಂಗಿಯನ್ನೇ ಹಾಕಿಕೊಂಡು ಬಂದರು.

ರಿಸಲ್ಟಿನ ದಿನ ಮಾತ್ರ ಎಲ್ಲರೂ ಒಂದು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ರಾಜ್ಯಕ್ಕೇ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಅತ್ತೆ ಸೊಸೆ ಪಾಳಿಯ ಮೇಲೆ ಅಡುಗೆ ಮಾಡುವ ಹಾಗೆ. ಆ ದಿನ ಫ್ಲೆಕ್ಸ್ ಹಾಕುವವರು ಯಾವ ಶಾಲೆಯ ಮಕ್ಕಳು ಅಂತ ನೋಡುವುದಿಲ್ಲ, "ಬುದ್ಧಿವಂತರ ಜಿಲ್ಲೆ" ಅಂತ ಬರೆಸಿಬಿಡುತ್ತಾರೆ.

ಹಾಗಾದರೆ ನಮ್ಮೂರ ಶಾಲೆಯಲ್ಲಿ ಉಳಿದ ಆ 11 ಮಕ್ಕಳು ಯಾರು? ಒಂಬತ್ತು ಮಕ್ಕಳ ಅಪ್ಪ ಅಮ್ಮ ಬಾಗಲಕೋಟೆ, ಕೊಪ್ಪಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಊರಿನ ಶಾಲೆಯನ್ನು ಊರಿನವರು ಬಿಟ್ಟರು, ಘಟ್ಟದ ಆಚೆಯವರು ಹಿಡಿದುಕೊಂಡಿದ್ದಾರೆ. ಕರಾವಳಿಯ ಎಷ್ಟೋ ಕನ್ನಡ ಶಾಲೆಗಳಿಗೆ ಇನ್ನೂ ಬೀಗ ಬೀಳದಿರುವುದು ಇವರಿಂದ. ಅವರ ಅಪ್ಪಂದಿರು ಎತ್ತರಕ್ಕೆ ಕಟ್ಟುತ್ತಿರುವ ಬಿಲ್ಡಿಂಗುಗಳಲ್ಲಿ ಒಂದೆರಡು ಖಾಸಗಿ ಶಾಲೆಗಳದ್ದೂ ಹೌದು. ಶತಮಾನೋತ್ಸವದಲ್ಲಿ ಆ ಮಕ್ಕಳಿಂದ ತುಳು ಹಾಡಿಗೆ ಡ್ಯಾನ್ಸ್ ಮಾಡಿಸಿದರು. ಚೆನ್ನಾಗಿಯೇ ಮಾಡಿದವು. "ನಮ್ಮ ತುಳುನಾಡಿನ ಸಂಸ್ಕೃತಿ ಈ ಪುಟಾಣಿಗಳ ರಕ್ತದಲ್ಲೇ ಇದೆ" ಅಂತ ಮುಖ್ಯ ಅತಿಥಿಗಳು ಕಣ್ಣು ಒರೆಸಿಕೊಂಡರು. ಮುಂದಿನ ಸಾಲಿನ ಹುಡುಗಿಯ ಕೆನ್ನೆ ಹಿಂಡಿ ತುಳುವಿನಲ್ಲಿ ಹೆಸರೇನು ಅಂತ ಕೇಳಿದರು. "ನಂಗ ತಿಳೀವಲ್ದ್ರೀ" ಅಂತ ಅದು ಹೇಳಿತು. ಅಷ್ಟರಲ್ಲಿ ಬ್ಯಾಂಡಿನವರು ಶುರು ಮಾಡಿದ್ದು ಒಳ್ಳೆಯದಾಯಿತು.

ಶಾಲೆಗೆ ಇರುವುದು ಒಬ್ಬರೇ ಕಾಯಂ ಟೀಚರ್. ಜೊತೆಗೆ ಹಳೆ ವಿದ್ಯಾರ್ಥಿಗಳ ದುಡ್ಡಿನಲ್ಲಿ ಒಬ್ಬರು ಗೌರವ ಶಿಕ್ಷಕಿ. ಬೆಳಿಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ, ಮೊಟ್ಟೆಯೋ ಬಾಳೆಹಣ್ಣೋ. ಯಾರು ಮೊಟ್ಟೆ ತಿಂದರು, ಯಾರು ಬಾಳೆಹಣ್ಣು ತಿಂದರು ಅಂತ ಲೆಕ್ಕ ಬರೆಯುವುದು, ಆನ್‌ಲೈನ್‌ನಲ್ಲಿ ಏರಿಸುವುದು, ಚುನಾವಣೆ ಬಂದರೆ ಮತದಾರರ ಪಟ್ಟಿ. ನಡುವೆ ಸಮಯ ಸಿಕ್ಕಿದರೆ ಪಾಠ. ಶತಮಾನೋತ್ಸವದಲ್ಲಿ ನಿವೃತ್ತ ಶಿಕ್ಷಕರಿಗೆಲ್ಲ ಗುರುವಂದನೆ ಆಯಿತು. ಪೇಟ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ. ಈಗ ಪಾಠ ಮಾಡುತ್ತಿರುವ ಟೀಚರ್ ಆ ಹೊತ್ತಿಗೆ ಊಟದ ಕೂಪನ್ ಹಂಚುತ್ತಿದ್ದರು.

ಎಲ್ಲ ಮುಗಿದು ಮಾರ್ಚಿನಲ್ಲಿ ಲೆಕ್ಕಪತ್ರ ಮಂಡನೆಯ ಸಭೆ. ದುಡ್ಡು ಉಳಿದಿತ್ತು. ಉಳಿದ ದುಡ್ಡಿನಲ್ಲಿ ಶತಮಾನೋತ್ಸವ ಸ್ಮಾರಕ ಸಭಾಭವನ ಕಟ್ಟಿ ಮದುವೆಗೆ ಬಾಡಿಗೆಗೆ ಕೊಡುವುದು ಅಂತ ತೀರ್ಮಾನ ಆಯಿತು. ಕೊನೆಗೆ ಟೀಚರ್ ಎದ್ದು ನಿಂತರು. "ಬರುವ ವರ್ಷಕ್ಕೆ ಒಂದನೇ ಕ್ಲಾಸಿಗೆ ಇನ್ನೂ ಒಂದೂ ಮಗು ಸಿಕ್ಕಿಲ್ಲ. ನೀವೆಲ್ಲ ಒಂದು ದಿನ ನನ್ನ ಜೊತೆ ಮನೆ ಮನೆಗೆ ಬಂದರೆ ಉಪಕಾರ ಆಗ್ತಿತ್ತು."

"ಖಂಡಿತ ಟೀಚರ್" ಅಂದರು ಅಧ್ಯಕ್ಷರು. "ಬರುವ ಶನಿವಾರವೇ ಹೊರಡುವ."

ಕೋಶಾಧಿಕಾರಿಗಳು ಮೊಬೈಲ್ ನೋಡಿದರು. "ಶನಿವಾರ ಆಗ್ಲಿಕ್ಕಿಲ್ಲ ಮಾರಾಯ್ರೆ. ಮಗಳ ಸ್ಕೂಲಲ್ಲಿ ಪೇರೆಂಟ್ಸ್ ಮೀಟಿಂಗ್ ಉಂಟು." ಉಳಿದವರೂ ಮೊಬೈಲ್ ನೋಡಿದರು. ಎಲ್ಲರಿಗೂ ಅದೇ ಮೆಸೇಜ್ ಬಂದಿತ್ತು.

"ಹಾಗಾದ್ರೆ ಆದಿತ್ಯವಾರ?"

"ಆದಿತ್ಯವಾರ ಹೇಗೆ ಆಗ್ತದೆ? ಪಕ್ಕದೂರಿನ ಶಾಲೆಯ ಶತಮಾನೋತ್ಸವ ಅಲ್ವಾ? ನಾವೇ ಗಣ್ಯರು."